ಖಾಲಿ ಊರು ತೋರಸೂದು ಹೆಂಗ್ರಿ? (‘ದಿ ಕ್ವಾಯಟ್ ಅರ್ಥ್’ ನೋಡಿದವರಿಗೆ)

ಸಾಧನಕೇರಿ_ರೀಲ್:
1985ರ ನ್ಯೂಜಿಲೆಂಡ್ ಚಿತ್ರ, ಜೆಫ್ ಮರ್ಫಿ ನಿರ್ದೇಶನ. ಬೆಳಿಗ್ಗೆ 6:12ಕ್ಕ ಊರಿಗೆ ಊರ ಖಾಲಿ. ಉಳಿದವರು ಮೂರ ಮಂದಿ. ಇಂಥಾ ಚಿತ್ರ ನಮ್ಮ ಕಡೆ ಯಾರೂ ಮಾತಾಡೂದಿಲ್ಲಲ್ಲ ಅಂತ ಬ್ಯಾಸರ. ಕಿರುಚಿತ್ರಕ್ಕ ಧಾರವಾಡದ ಸುಭಾಷ ರೋಡ್ ಹಂಗ ಖಾಲಿ ಕಾಣಬೇಕು. ಕ್ಯಾಮರಾ, ಟ್ರೈಪಾಡ್ ಬಿಟ್ರ ಏನೂ ಇಲ್ಲ.

ದುರ್ಗದಬೈಲ್_ಲೆನ್ಸ್:
ರವಿವಾರ ಬೆಳಕ ಹರಿಯೂ ಹೊತ್ತಿಗೆ ಹೋಗ್ರಿ. ಟ್ರೈಪಾಡ್ ಅಲುಗಾಡಬಾರದು, ಅದರ ನಡುವಿನ ಕೊಕ್ಕಿಗೆ ಭಾರದ ಚೀಲ ಜೋತು ಬಿಡ್ರಿ. ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಅಳತಿ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕಿ) ಮೂರೂ ಮ್ಯಾನುವಲ್, ಕ್ಯಾಮರಾ ತಾನಾಗೇ ಬದಲಸಬಾರದು. ಹತ್ತು ಸೆಕೆಂಡಿಗೊಂದರಂಗ 21 ಫೋಟೋ ತಗೀರಿ, ಫೋಟೋಶಾಪ್‌ದಾಗ ಸ್ಟ್ಯಾಕ್ ಮಾಡಿ (ಒಂದರ ಮ್ಯಾಲೊಂದು ಇಟ್ಟು) ಮೀಡಿಯನ್ ಹಾಕ್ರಿ, ಅಂದ್ರ ಪ್ರತಿ ಚುಕ್ಕಿಗೂ ಎಲ್ಲಾ ಫೋಟೋದ ನಡುವಿನ ಬೆಲಿ ಅಷ್ಟ ಉಳೀತೈತಿ. ಅಡ್ಡಾಡೋರು ಅಳಿಸಿ ಹೋಗತಾರ. ಚಹಾದಂಗಡಿ ಮುಂದ ಕಪ್ಪು ಹಿಡಕೊಂಡು ನಿಂತಂವ ಮಾತ್ರ ಹೋಗೂದಿಲ್ಲ, ಯಾಕಂದ್ರ ಅರ್ಧಕ್ಕಿಂತ ಹೆಚ್ಚು ಫೋಟೋದಾಗ ಅಂವ ಅಲ್ಲೇ ಇರತಾನ. ಅಂವ ಹೋದ ಮ್ಯಾಲೆ ಒಂದು ಫೋಟೋ ತಗದು ಅಷ್ಟ ಜಾಗಾ ತ್ಯಾಪಿ ಹಚ್ಚರಿ.

ಕ್ಯಾಮರಾ ಅಲುಗಾಡಸದ ಅಲ್ಲೇ ನಟನ ವಿಡಿಯೋ ತಗದು, ಸುತ್ತಲಿನ ಭಾಗಕ್ಕ ಈ ಖಾಲಿ ಫೋಟೋ ಜೋಡಸ್ರಿ. ನಟನ ಶಾಟ್ ಹತ್ತು ನಿಮಿಷದೊಳಗ ಮುಗಿಸ್ರಿ. ತಡಾ ಆದ್ರ ನೆರಳು ಸರದು ಜೋಡಣಿ ಗೆರಿ ಕಾಣತೈತಿ.

ಗದಗ_ಸೌಂಡ್:
ಗಿಡದ ಎಲಿ ಫೋಟೋದಾಗ ಬಿಟ್ರ ದೃಶ್ಯ ಸತ್ತಂಗ ಕಾಣತೈತಿ. ಆ ಭಾಗಕ್ಕ ವಿಡಿಯೋನ ಇಡ್ರಿ. ದನಿ ಪೂರ್ತಿ ಬಂದ್ ಮಾಡಬ್ಯಾಡ್ರಿ, ನೋಡೋರು ಸ್ಪೀಕರ್ ಕೆಟ್ಟೈತಿ ಅಂತಾರ. ಕಪ್ಪತಗುಡ್ಡದ ಕಡೆ ಗಾಳಿ ಸಪ್ಪಳ ಎರಡು ನಿಮಿಷ ರೆಕಾರ್ಡ್ ಮಾಡ್ರಿ, ಮೈಕಿಗೆ ತುಪ್ಪಳದ ಕವರ್ ಇರಲಿ. ಅಂಗಡಿ ತಗಡು ಒಮ್ಮೆ ಬಡಕೊಂಡ ಸಪ್ಪಳ ಸಾಕು, ಊರು ಖಾಲಿ ಅನಸತೈತಿ.

ಸಾಧನಕೇರಿ_ರೀಲ್:
ಸಿಗ್ನಲ್ ದೀಪ ಮೀಡಿಯನ್‌ದಾಗ ಏನಾಗತೈತಿ?

ದುರ್ಗದಬೈಲ್_ಲೆನ್ಸ್:
ಅರ್ಧಕ್ಕಿಂತ ಹೆಚ್ಚು ಫೋಟೋದಾಗ ಹತ್ತಿದ್ದ ಬಣ್ಣ ಉಳೀತೈತಿ, ಯಾವುದೂ ಅಷ್ಟು ಹತ್ತಿರದಿದ್ರ ಎಲ್ಲಾ ದೀಪ ಆರಿದಂಗ ಕಾಣತಾವ. ಕೆಂಪ ಬೇಕಾದ್ರ ಕೆಂಪಿದ್ದ ಫೋಟೋದಿಂದ ಆ ತುಣುಕು ಕತ್ತರಿಸಿ ಹಾಕ್ರಿ.