ಬಿಳಿ ಕುಬ್ಜ ಆರಿದ್ದನ್ನು ನೋಡಿ ವಯಸ್ಸು ಹೇಳಬಹುದಾ?

ಪ್ರಶ್ನೆ (ಪೆರ್ಲ): ಮೇಡಂ, ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಮಾಷ್ಟ್ರು. ಬಿಳಿ ಕುಬ್ಜ ನಕ್ಷತ್ರ ಅಂದರೆ ಒಲೆಯಲ್ಲಿ ಉಳಿದ ಕೆಂಡದ ಹಾಗೆ, ಹೊಸ ಸೌದೆ ಇಲ್ಲ, ಸುಮ್ನೆ ಆರುತ್ತಾ ಹೋಗುತ್ತದೆ ಅಂತ ಮಕ್ಕಳಿಗೆ ಹೇಳಿದೆ. "ಹಾಗಾದ್ರೆ ಎಷ್ಟು ಆರಿದೆ ಅಂತ ನೋಡಿ ವಯಸ್ಸು ಹೇಳಬಹುದಲ್ವಾ?" ಅಂತ ಒಬ್ಬಳು ಕೇಳಿದಳು. ಹೇಳಬಹುದಾ?

ಉತ್ತರ: ಮಾಷ್ಟ್ರೇ, ಎಂಥಾ ಚಂದದ ಪ್ರಶ್ನೆ! ಹೇಳಬಹುದು, ನಾವು ಮಾಡುವುದೂ ಅದನ್ನೇ.

ಸೂರ್ಯನಂಥ ನಕ್ಷತ್ರ ಇಂಧನ ಮುಗಿಸಿ ಹೊರಪದರ ಕಳಚಿಕೊಂಡ ಮೇಲೆ ಭೂಮಿಯಷ್ಟು ಗಾತ್ರದ ತಿರುಳು ಉಳಿಯುತ್ತದೆ, ಅದೇ ಬಿಳಿ ಕುಬ್ಜ. ಹೆಚ್ಚಿನದೆಲ್ಲ ಕಾರ್ಬನ್, ಆಕ್ಸಿಜನ್. ಶುರುವಿಗೆ ಲಕ್ಷ ಡಿಗ್ರಿಗೂ ಜಾಸ್ತಿ ಬಿಸಿ. ಮೊದಮೊದಲು ಬೇಗ ಆರುತ್ತದೆ, ಆಮೇಲೆ ತೀರಾ ನಿಧಾನ. ಕೆಲವು ಸಾವಿರ ಡಿಗ್ರಿಗೆ ಇಳಿಯಲು ನೂರಾರು ಕೋಟಿ ವರ್ಷ ಬೇಕು.

ನಕ್ಷತ್ರಗುಚ್ಛದಲ್ಲಿ ಈ ಲೆಕ್ಕ ಸುಲಭ. ಅಲ್ಲಿನ ನಕ್ಷತ್ರಗಳು ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು, ನಮ್ಮಿಂದ ಒಂದೇ ದೂರದಲ್ಲಿವೆ. ಹಾಗಾಗಿ ಅತಿ ಮಂದವಾದ, ಅಂದರೆ ಎಲ್ಲಕ್ಕಿಂತ ಹೆಚ್ಚು ಆರಿದ ಬಿಳಿ ಕುಬ್ಜವನ್ನು ಹುಡುಕಿದರೆ ಗುಚ್ಛದ ವಯಸ್ಸು ಸಿಗುತ್ತದೆ. ಎಂ4 ಗುಚ್ಛದಲ್ಲಿ ಅವನ್ನು ಹಿಡಿಯಲು ಹಬಲ್ ದೂರದರ್ಶಕ ಒಟ್ಟು ಸುಮಾರು ಎಂಟು ದಿನಗಳಷ್ಟು ಹೊತ್ತು ಬೆಳಕು ಸೇರಿಸಬೇಕಾಯಿತು. 2002ರಲ್ಲಿ ಬಂದ ಲೆಕ್ಕ: ಸುಮಾರು 1,270 ಕೋಟಿ ವರ್ಷ.

ಆದರೆ ಎಲ್ಲ ಕೆಂಡವೂ ಒಂದೇ ವೇಗದಲ್ಲಿ ಆರುವುದಿಲ್ಲ. ಎಂ3, ಎಂ13 ಗುಚ್ಛಗಳೆರಡೂ ವಯಸ್ಸಿನಲ್ಲಿ, ಲೋಹದ ಅಂಶದಲ್ಲಿ (ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದ ಧಾತುಗಳನ್ನೆಲ್ಲ ನಾವು ಲೋಹ ಅನ್ನುತ್ತೇವೆ) ಅವಳಿಗಳಂತಿವೆ. ಆದರೂ ಎಂ13ರಲ್ಲಿ ಬಿಸಿ ಬಿಳಿ ಕುಬ್ಜಗಳು ಲೆಕ್ಕಕ್ಕಿಂತ ಜಾಸ್ತಿ ಕಂಡವು. ಅಲ್ಲಿ ಸುಮಾರು 70 ಶೇಕಡಾ ಬಿಳಿ ಕುಬ್ಜಗಳ ಮೇಲ್ಮೈಯಲ್ಲಿ ತೆಳ್ಳಗೆ ಹೈಡ್ರೋಜನ್ ಉಳಿದು ಇನ್ನೂ ಉರಿಯುತ್ತಿದೆ ಅಂತ 2021ರಲ್ಲಿ ಗೊತ್ತಾಯಿತು. ಇದನ್ನು ಬಿಟ್ಟು ಲೆಕ್ಕ ಹಾಕಿದರೆ 100 ಕೋಟಿ ವರ್ಷದವರೆಗೂ ತಪ್ಪಬಹುದು. ತಿರುಳು ಹರಳುಗಟ್ಟುವಾಗಲೂ ಶಾಖ ಹೊರಬರುತ್ತದೆ, ಅದರಿಂದಲೂ ಆರುವುದು ತಡವಾಗುತ್ತದೆ. 2019ರಲ್ಲಿ ಗಾಯಾ ಉಪಗ್ರಹದ ಅಳತೆಗಳಲ್ಲಿ ಅದಕ್ಕೂ ಸಾಕ್ಷಿ ಸಿಕ್ಕಿತು. ನಿಮ್ಮ ಹುಡುಗಿಗೆ ಇದನ್ನು ಬಿಡದೆ ಹೇಳಿ.

ಪ್ರಶ್ನೆ (ಕುಂಬಳೆ): ಅಕ್ಕ, ಎಂ4 ನಮ್ಮ ಊರಿಂದ ಕಾಣುತ್ತದಾ?

ಉತ್ತರ: ಕಾಣುತ್ತದೆ ತಮ್ಮಾ, ಬೈನಾಕ್ಯುಲರ್ ಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಮುಗಿಯಿತು, ಮೇ ತಿಂಗಳಲ್ಲೇ ನೋಡಿ. ರಾತ್ರಿ 11 ದಾಟಿದ ಮೇಲೆ ತೆಂಕು ಬದಿಗೆ ವೃಶ್ಚಿಕದ ಕೆಂಪು ಜ್ಯೇಷ್ಠಾ ಇರುತ್ತದೆ. ಅದರ ಪಕ್ಕದಲ್ಲೇ, ಪಡುವಣಕ್ಕೆ, ಮಸುಕಾದ ಬೆಳಕಿನ ಉಂಡೆ. ಅದೇ ಹೊತ್ತಿಗೆ ಬಡಗು ಬದಿಗೆ ತಿರುಗಿದರೆ ಹರ್ಕ್ಯುಲಿಸ್‌ನಲ್ಲಿ ಎಂ13 ಕೂಡ ಸಿಗುತ್ತದೆ. ಅಂಗಳದ ಲೈಟ್ ಆಫ್ ಮಾಡಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಮೊಬೈಲ್ ತೆಗೆಯಬೇಡಿ.