ಗೆಳತಿಗೆ ಡಿಪ್ರೆಶನ್ ಮಾತ್ರೆ ಬರೆದುಕೊಟ್ಟಿದಾರೆ, ಜೊತೆಗಿರೋರು ಏನ್ ಮಾಡ್ಬೇಕು?

ತುಂಗೆ_ದಂಡೆ
ನಾವಿಬ್ರೂ ಶಿವಮೊಗ್ಗ ಕಡೆಯೋರು, ಬೆಂಗಳೂರಲ್ಲಿ ಒಂದೇ ಪಿಜಿ. ಅವಳಿಗೆ 23. ಕೆಲವು ತಿಂಗಳಿಂದ ಊಟ ಇಲ್ಲ ನಿದ್ದೆ ಇಲ್ಲ, ಆಫೀಸಿಂದ ಬಂದು ಹೆಗಲ ಮೇಲಿನ ಬ್ಯಾಗೂ ತೆಗೀದೆ ಮಂಚದ ಮೇಲೆ ಕೂತ್ರೆ ಹಾಗೇ ಕೂತಿರ್ತಾಳೆ. ಕೊನೆಗೂ ಸೈಕಿಯಾಟ್ರಿಸ್ಟ್ ಹತ್ರ ಕರ್ಕೊಂಡ್ ಹೋದೆ, ಎಸ್ಸಿಟಾಲೋಪ್ರಾಮ್ 5 ಎಂಜಿ ಶುರು ಮಾಡಿ ಆಮೇಲೆ 10 ಮಾಡೋಣ ಅಂದ್ರು. ಸ್ಟ್ರಿಪ್ ಇನ್ನೂ ಹಾಗೇ ಇದೆ, ಒಂದೂ ತಗೊಂಡಿಲ್ಲ. ಅವರಮ್ಮ ಫೋನಲ್ಲಿ "ಅದು ತಲೆಕೆಟ್ಟೋರ ಮಾತ್ರೆ ಕಣೇ, ಶುರು ಮಾಡಿದ್ರೆ ಜೀವನಪೂರ್ತಿ ಬಿಡಕ್ಕಾಗಲ್ಲ, ನಾಳೆ ಮದುವೆ ಗತಿ ಏನು" ಅಂತಾರೆ, ಇವಳಿಗೆ ತಾನೇ ಬದಲಾಗೋಗ್ತೀನೇನೋ ಅನ್ನೋ ಭಯ. ಒತ್ತಾಯ ಮಾಡಕ್ಕೂ ಮನಸಿಲ್ಲ ಸುಮ್ನಿರಕ್ಕೂ ಆಗ್ತಿಲ್ಲ, ಏನ್ ಹೇಳಲಿ?

ಧಾರವಾಡ_ಮಳಿ
ನಾನೂ ಇದ ಗುಳಿಗಿ ತಗೊಂಡಾಂವರೀ. ಮೊದಲನೇ ವಾರ ಹೊಟ್ಟಿ ತೊಳಸ್ತಿತ್ತು, ತಲಿ ಭಾರ, ಒಂದ್ ಕಡೆ ಕೂಡಾಕ ಆಗ್ತಿದ್ದಿಲ್ಲ. ಗುಣ ಕಾಣಾಕ ಎರಡ್ರಿಂದ ನಾಕ್ ವಾರ ಬೇಕು, ತ್ರಾಸು ಮಾತ್ರ ಮೊದಲನೇ ದಿನದಿಂದನ ಸುರು, ಹಿಂಗಾಗಿ ಭಾಳ ಮಂದಿ ನಡುವನ ಬಿಟ್ಟ್‌ಬಿಡ್ತಾರ. ಈ ವಾರಗಳೊಳಗ ಜೋಡಿ ಇರೋರ ಬೇಕ್ರಿ. ನನ್ನ ದೋಸ್ತ ಏನೂ ಬುದ್ಧಿ ಹೇಳಲಿಲ್ಲ, ದಿನಾ ಮುಂಜಾನೆ ನಾಷ್ಟಾಕ್ಕ ಕರ್ಕೊಂಡ್ ಹೋಗಿ ಇಡ್ಲಿ ತಿಂದ ಮ್ಯಾಲೆ "ಗುಳಿಗಿ?" ಅಂತಿದ್ದ, ಅಷ್ಟ. ಇನ್ನ ಬದಲಾಗೋ ಮಾತು, ನನಗಂತೂ ಹಂಗೇನ ಆಗಲಿಲ್ಲ, ಮೊದಲು ನಿದ್ದಿ ಸರಿ ಆತು, ಆಮ್ಯಾಲೆ ಹಸಿವು, ಮನಸು ಹಗುರ ಆಗಿದ್ದು ಎಲ್ಲಾಕ್ಕಿಂತ ಕೊನೀಗೆ. ಈ ಕ್ರಮ ಆಕಿಗೆ ಮೊದಲ ಹೇಳ್ರಿ, ಎರಡನೇ ವಾರ ಧೈರ್ಯ ಇರ್ತದ.

ಔಷಧಿ_ಅಂಗಡಿ
ನಾನು ಫಾರ್ಮಸಿಸ್ಟ್. "ಚಟ ಆಗುತ್ತಾ" ಅಂತ ಕೌಂಟರಲ್ಲಿ ದಿನಾ ಕೇಳ್ತಾರೆ. ಕುಡಿತದ ಥರ ಇನ್ನೂ ಬೇಕು ಇನ್ನೂ ಬೇಕು ಅನ್ಸೋ ಮಾತ್ರೆ ಇದಲ್ಲ. ಜೊತೆಗೆ ಕ್ಲೋನಾಜೆಪಾಮ್ (ಆತಂಕ ಇಳಿಸೋ ಮಾತ್ರೆ) ಏನಾದ್ರೂ ಬರೆದಿದ್ರೆ ಅದು ಅಭ್ಯಾಸ ಆಗಬಹುದು, ಅದಕ್ಕೇ ಸ್ವಲ್ಪ ದಿನಕ್ಕೆ ಮಾತ್ರ ಕೊಡ್ತಾರೆ. ಆದ್ರೆ ಎಸ್ಸಿಟಾಲೋಪ್ರಾಮನ್ನೂ ದಿಢೀರ್ ಅಂತ ನಿಲ್ಲಿಸಬಾರದು, ತಲೆಸುತ್ತು ಕಿರಿಕಿರಿ ಆಗುತ್ತೆ, ಡಾಕ್ಟರ್ ನಿಧಾನಕ್ಕೆ ಡೋಸ್ ಇಳಿಸ್ತಾರೆ. ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದ್ರೂ ಮುಂದುವರಿಸ್ತಾರೆ, ಜೀವನಪೂರ್ತಿ ಅಂತೇನಿಲ್ಲ.

ಒಂದು ಮಾತ್ರ ಗಮನ ಇಟ್ಟು ಓದಿ. 25ರ ಒಳಗಿನೋರಲ್ಲಿ ಮೊದಲ ಕೆಲವು ವಾರ, ಮತ್ತೆ ಡೋಸ್ ಏರಿಸಿದಾಗ, ಕೆಲವರಿಗೆ ಸಾಯೋ ಯೋಚನೆ ಜಾಸ್ತಿ ಆಗಬಹುದು. ಚಡಪಡಿಕೆ ತೀರಾ ಹೆಚ್ಚಾದ್ರೆ, ನಿದ್ದೆನೇ ಇಲ್ಲದೆ ವಿಪರೀತ ಹುರುಪಲ್ಲಿ ಮಾತಾಡಕ್ಕೆ ಶುರು ಮಾಡಿದ್ರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. "ಸಾಯ್ಬೇಕು ಅನ್ಸುತ್ತಾ" ಅಂತ ನೇರವಾಗಿ ಕೇಳಿ, ಕೇಳಿದ್ರೆ ಆ ಯೋಚನೆ ಬಂದ್‌ಬಿಡುತ್ತೆ ಅನ್ನೋದು ಸುಳ್ಳು. ಹೌದು ಅಂದ್ರೆ ಒಬ್ಬಳನ್ನೇ ಬಿಡಬೇಡಿ, ಸೀದಾ ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಅಡಿಕೆ_ತೋಟ
ಅವರಮ್ಮನ್ನ ಶತ್ರು ಮಾಡ್ಕೋಬೇಡಿ ಪುಟ್ಟಿ, ಆ ತಾಯಿಗೂ ಭಯನೇ. ಅವಳು ಒಪ್ಪಿದ್ರೆ ಮುಂದಿನ ಸಲ ಡಾಕ್ಟರ್ ಹತ್ರನೇ ಫೋನಲ್ಲಿ ಮಾತಾಡಿಸಿ, ಮಗಳ ಗೆಳತಿ ಹೇಳಿದ್ದಕ್ಕಿಂತ ಡಾಕ್ಟರ್ ಹೇಳಿದ್ದು ನಾಟುತ್ತೆ. ಮದುವೆ ವಿಷಯಕ್ಕೆ, ಚಿಕಿತ್ಸೆ ಮಾಹಿತಿ ಗುಟ್ಟಾಗಿಡೋದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅವಳ ಹಕ್ಕು, ಯಾರಿಗೆ ಹೇಳ್ಬೇಕು ಅನ್ನೋದು ಅವಳಿಗೇ ಬಿಟ್ಟಿದ್ದು. ಊರಿಂದ ಚೂರ್ಣ ಲೇಹ್ಯ ಕಳಿಸಿದ್ರೆ ಡಾಕ್ಟರನ್ನ ಕೇಳದೆ ಇದರ ಜೊತೆ ಬೇಡ. ಮತ್ತೆ ದಯವಿಟ್ಟು "ಪಾಸಿಟಿವ್ ಆಗಿರು" ಅಂತ ಮಾತ್ರ ಹೇಳ್ಬೇಡಿ, ಅದು ಅವಳ ಕೈಲಿದ್ದಿದ್ರೆ ಇಷ್ಟೊತ್ತಿಗೆ ಆಗಿರ್ತಿತ್ತು. ಬಟ್ಟೆ ಒಗೆದುಕೊಡಿ, ಫಾಲೋಅಪ್‌ಗೆ ಜೊತೆಗೆ ಹೋಗಿ.

ತುಂಗೆ_ದಂಡೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದೋರು ಬರೆದಿದ್ದನ್ನ ಅವಳಿಗೇ ಓದಿ ಹೇಳಿದೆ, "ಮನಸು ಕೊನೇಗಾ" ಅಂತ ಎರಡು ಸಲ ಕೇಳಿದ್ಲು. ಇವತ್ತು ತಿಂಡಿ ಆದ್ಮೇಲೆ ಮೊದಲನೇದು ತಗೊಂಡ್ಲು. ಒಂದು ದಿನ ಮರೆತ್ರೆ ಮಾರನೇ ದಿನ ಎರಡು ತಗೋಬೇಕಾ?

ಔಷಧಿ_ಅಂಗಡಿ
ಬೇಡ, ಡಬಲ್ ಮಾಡಬಾರದು. ಅವತ್ತೇ ನೆನಪಾದ್ರೆ ತಗೊಳ್ಳಿ, ಮಾರನೇ ದಿನದ ಹೊತ್ತು ಹತ್ರ ಬಂದಿದ್ರೆ ಬಿಟ್ಟು ಮುಂದಿನದ್ದು ಮಾಮೂಲಿ ಟೈಮಿಗೆ. ಈ ಮಾತ್ರೆ ತಗೋತಿರೋವಾಗ ತಲೆನೋವಿಗೆ ಐಬುಪ್ರೊಫೆನ್ ಬದಲು ಪ್ಯಾರಾಸಿಟಮಾಲ್ ಸಾಕು.