ಸಹಾಯ ಬೇಕು: ಸುಟ್ಟ ಕಲೆಗೆ ಹಾಕುವ ಬಿಗಿ ತೋಳು ಕೋಲಾರದಲ್ಲಿ ಸಿಗುತ್ತಾ?

ನಮಸ್ಕಾರ, ನಾವು ಮಾಲೂರು ಕಡೆಯವರು. ನಾಲ್ಕು ತಿಂಗಳ ಹಿಂದೆ ಮುದ್ದೆಗೆ ಇಟ್ಟಿದ್ದ ಎಸರು ಚೆಲ್ಲಿ ಅಮ್ಮನ ಬಲಗೈ ಸುಟ್ಟಿತು. ಗಾಯವೇನೋ ಮಾಗಿದೆ, ಆದರೆ ಕಲೆ ಕೆಂಪಗೆ ದಪ್ಪಗೆ ಎದ್ದು, ಮೊಣಕೈ ಹತ್ತಿರ ಚರ್ಮ ಎಳೆದುಕೊಂಡು ಕೈ ಪೂರ್ತಿ ಚಾಚಲು ಆಗುತ್ತಿಲ್ಲ, ರಾತ್ರಿಯೆಲ್ಲಾ ನವೆ ಬೇರೆ. ಕಲೆ ಗಾಯದ ಗಡಿ ದಾಟಿಲ್ಲ, ಹಾಗಾಗಿ ಕೀಲಾಯ್ಡ್ (ಗಾಯದ ಗಡಿ ಮೀರಿ ಬೆಳೆಯುವ ಕಲೆ) ಅಲ್ಲ ಅಂದರು ಡಾಕ್ಟರ್. ಕಲೆ ಮೇಲೆ ಅಂಟಿಸುವ ಸಿಲಿಕೋನ್ ಶೀಟ್ ದಿನಕ್ಕೆ 12 ಗಂಟೆಗಿಂತ ಜಾಸ್ತಿ ಹಾಕುತ್ತಿದ್ದೇವೆ, ವ್ಯಾಯಾಮವೂ ನಡೆಯುತ್ತಿದೆ.

ಈಗ ಪ್ರೆಷರ್ ಗಾರ್ಮೆಂಟ್ (ಕಲೆಯನ್ನು ಒತ್ತಿ ಹಿಡಿಯುವ ಬಿಗಿ ತೋಳು) ಬೇಕಂತೆ, ಸ್ನಾನದ ಹೊತ್ತು ಬಿಟ್ಟು ದಿನಕ್ಕೆ 23 ಗಂಟೆ ಹಾಕಬೇಕಂತೆ. ಅಳತೆ ತೆಗೆದುಕೊಂಡು ಹೊಲಿದು ಕೊಡುವವರು ಕೋಲಾರದಲ್ಲಿ ಇದ್ದಾರಾ, ಇಲ್ಲ ಬೆಂಗಳೂರಿಗೇ ಹೋಗಬೇಕಾ? ಎಷ್ಟಾಗುತ್ತೆ? ಹಾಕಿಕೊಂಡವರು ಬೇಸಿಗೆಯಲ್ಲಿ ಹೇಗೆ ತಡೆದುಕೊಂಡಿರಿ? ಮನೆಮದ್ದು ಮಾತ್ರ ಹೇಳಬೇಡಿ, ಸುಟ್ಟ ದಿನವೇ ಟೂತ್‌ಪೇಸ್ಟ್ ಹಚ್ಚಿ ಬೈಸಿಕೊಂಡಿದ್ದೇವೆ.